ಕಾನೂನು ಶಾಲೆಯ ಬಾಗಿಲಲ್ಲಿ ಎರಡು ಪರೀಕ್ಷೆ

ಲಾ ಓದಲು ಪ್ರವೇಶ ಪರೀಕ್ಷೆಯೇ ಎಂದು ಹಳೆಯ ತಲೆಮಾರಿನ ವಕೀಲರು ನಕ್ಕಾರು. ಬಿ.ಎ. ಮುಗಿಸಿ, ಬೇರೆ ದಾರಿ ಕಾಣದೆ ಕಾನೂನು ಕಾಲೇಜು ಸೇರಿ ಕರಿಕೋಟು ತೊಟ್ಟವರು ಅವರಲ್ಲಿ ಎಷ್ಟೋ ಮಂದಿ. ಈ ಪರಿಪಾಠ ಬದಲಾದದ್ದು ಬೆಂಗಳೂರಿನಲ್ಲಿ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಇಲ್ಲಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷಗಳ ಕೋರ್ಸಿಗೆ ಮೊದಲ ತಂಡ ಸೇರಿದ್ದು 1988ರಲ್ಲಿ.

ಮುಂದೆ ಹೈದರಾಬಾದ್, ಭೋಪಾಲ್, ಕೋಲ್ಕತ್ತಗಳಲ್ಲಿ ಇದೇ ಮಾದರಿಯ ಶಾಲೆಗಳು ತಲೆಯೆತ್ತಿದವು. ಒಂದೊಂದಕ್ಕೂ ಒಂದೊಂದು ಪರೀಕ್ಷೆ. ಅರ್ಜಿಗೆ, ರೈಲಿಗೆ ಬೇರೆ ಬೇರೆ ದುಡ್ಡು. ಅದರ ಮೇಲೆ ದಿನಾಂಕಗಳ ತಾಕಲಾಟ. 2006ರಲ್ಲಿ ಈ ಪಾಡು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದರ ಫಲವೇ ಏಳು ವಿಶ್ವವಿದ್ಯಾಲಯಗಳು ಸೇರಿ 2008ರಲ್ಲಿ ಆರಂಭಿಸಿದ ಸಾಮಾನ್ಯ ಪರೀಕ್ಷೆ ‘ಕ್ಲ್ಯಾಟ್’. ದೆಹಲಿಯ ಶಾಲೆ ಮಾತ್ರ ‘ಐಲೆಟ್’ ಎಂಬ ತನ್ನದೇ ಪರೀಕ್ಷೆಯನ್ನು ಇಟ್ಟುಕೊಂಡಿತು. ಮೊದಲ ಕ್ಲ್ಯಾಟ್ ನಡೆಸಿದ್ದು ಬೆಂಗಳೂರಿನ ಶಾಲೆ ಎಂಬುದನ್ನು ನೆನಪಿಡಬೇಕು.

ಏಕೆಂದರೆ 2020ರಲ್ಲಿ ಅದರಿಂದ ಹೊರನಡೆದದ್ದೂ ಅದೇ ಶಾಲೆ. ಕೊರೊನಾ ಕಾರಣ ಕ್ಲ್ಯಾಟ್ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ವರ್ಷವನ್ನು ಮೂರು ಅವಧಿಗಳಾಗಿ ಹಂಚಿಕೊಂಡ ಶಾಲೆಗೆ ಒಂದು ತಂಡವೇ ಇಲ್ಲದಂತಾಗುವ ಭಯ. ಸೆಪ್ಟೆಂಬರ್ 3ರಂದು ‘ಎನ್‌ಎಲ್‌ಎಟಿ’ ಎಂಬ ಸ್ವಂತ ಪರೀಕ್ಷೆಯನ್ನು ಘೋಷಿಸಿ, 12ರಂದು ನಡೆಸಿಯೂಬಿಟ್ಟಿತು.

ಎರಡಕ್ಕೂ ಅಜಗಜಾಂತರ. ಕ್ಲ್ಯಾಟ್‌ನಲ್ಲಿ 2020ರಲ್ಲಿ ಎರಡು ಗಂಟೆಗೆ 150 ಪ್ರಶ್ನೆಗಳಿದ್ದವು. ಎನ್‌ಎಲ್‌ಎಟಿಯಲ್ಲಿ 45 ನಿಮಿಷಕ್ಕೆ 40. ಅದಕ್ಕಿಂತ ಮುಖ್ಯವಾದದ್ದು ಕೂರುವ ಜಾಗ. ಕ್ಲ್ಯಾಟ್‌ಗೆ ಆಗ ಪರೀಕ್ಷಾ ಕೇಂದ್ರದ ಕಂಪ್ಯೂಟರು, ಎದುರಿಗೆ ಮೇಲ್ವಿಚಾರಕರು. ಎನ್‌ಎಲ್‌ಎಟಿಗೆ ಮನೆಯೇ ಕೇಂದ್ರ. ಸೋಂಕಿನ ಕಾಲದಲ್ಲಿ ಊರು ಬಿಟ್ಟು ಹೋಗುವುದು ತಪ್ಪಿತು, ನಿಜ. ಆದರೆ ಒಳ್ಳೆಯ ಕಂಪ್ಯೂಟರು, ಕೈಕೊಡದ ಕರೆಂಟು, ಬಿಡದ ಇಂಟರ್‌ನೆಟ್ಟು ಎಷ್ಟು ಮನೆಗಳಲ್ಲಿವೆ? ಪ್ರಶ್ನೆಗಳು ಹೊರಬಿದ್ದವೆಂಬ ದೂರೂ ಕೇಳಿಬಂತು. ನ್ಯಾಯಾಲಯಕ್ಕೆ ಹೋದವರಲ್ಲಿ ಅದೇ ಶಾಲೆಯ ಮಾಜಿ ಕುಲಪತಿಯೂ ಇದ್ದರು! ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಎನ್‌ಎಲ್‌ಎಟಿಯನ್ನು ರದ್ದುಮಾಡಿ, ಕ್ಲ್ಯಾಟ್ ಮೂಲಕವೇ ಪ್ರವೇಶ ಕೊಡುವಂತೆ ಆದೇಶಿಸಿತು. ಒಂದು ವಾರದ ಬಳಿಕ, 28ರಂದು ಕ್ಲ್ಯಾಟ್ ನಡೆಯಿತು.

ಈ ಜಗ್ಗಾಟದಲ್ಲಿ ಯಾರೂ ಎತ್ತದ ಮಾತೊಂದಿತ್ತು: ಎರಡೂ ಪ್ರಶ್ನೆಪತ್ರಿಕೆಗಳು ಇಂಗ್ಲಿಷಿನವು. 2020ರಿಂದ ಕ್ಲ್ಯಾಟ್ ಉದ್ದುದ್ದದ ಗದ್ಯಭಾಗಗಳನ್ನು ಓದಿ ಉತ್ತರಿಸುವ ಪರೀಕ್ಷೆಯಾದ ಮೇಲಂತೂ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ರಾಯಚೂರಿನ ಹುಡುಗಿಗೆ ಕಾನೂನಿಗಿಂತ ಮೊದಲು ಭಾಷೆಯೇ ಅಡ್ಡ ನಿಲ್ಲುತ್ತದೆ. ಭಾರತೀಯ ಭಾಷೆಗಳಲ್ಲೂ ಕ್ಲ್ಯಾಟ್ ನಡೆಸಬೇಕೆಂಬ ಕೋರಿಕೆ ದೆಹಲಿ ಹೈಕೋರ್ಟಿನ ಮುಂದೆ ಬಂದದ್ದು 2023ರಲ್ಲಿ, ಕ್ಲ್ಯಾಟ್ ಹುಟ್ಟಿ ಹದಿನೈದು ವರ್ಷಗಳಾದ ಮೇಲೆ.