ಅಡಿಕೆ ಮರ, ರಸ್ತೆ ಮತ್ತು ಮುರಿದ ಎಲುಬಿನ ಪರಿಹಾರ

ಪುತ್ತೂರು, ಸುಳ್ಯ, ಕಡಬದ ಕಡೆ ಕೈಕಾಲು ಮುರಿಯುವುದು ಹೆಚ್ಚಾಗಿ ಎರಡು ಕಡೆ. ಒಂದು ಅಡಿಕೆ ತೋಟ, ಇನ್ನೊಂದು ರಸ್ತೆ. ಮುರಿಯುವ ಎಲುಬು ಒಂದೇ ಆದರೂ ಪರಿಹಾರದ ಕಥೆ ಬೇರೆ ಬೇರೆ. ಅದು ಹೇಗಾಯಿತೆಂದು ನೋಡೋಣ.

1860ರ ದಂಡ ಸಂಹಿತೆಯಲ್ಲಿಯೇ ಎಲುಬು ಅಥವಾ ಹಲ್ಲು ಮುರಿದರೆ ಅದು 'ತೀವ್ರ ಗಾಯ' ಎಂದು ಬರೆದಿತ್ತು. ಆದರೆ ಅದು ಹೊಡೆದವನಿಗೆ ಶಿಕ್ಷೆ ಕೊಡುವ ಲೆಕ್ಕ. ಬಿದ್ದವನ ಮನೆಯಲ್ಲಿ ಒಲೆ ಉರಿಯಲು ಅದರಿಂದ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. ಆಗ ನಮ್ಮ ಊರುಗಳು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿದ್ದವು. ಕೆಲಸದಲ್ಲಿ ಪೆಟ್ಟಾದರೆ ಮಾಲೀಕನ ತಪ್ಪನ್ನು ಸಾಬೀತು ಮಾಡದೆಯೇ ಪರಿಹಾರ ಕೇಳಬಹುದಾಯಿತು. ಆದರೆ ಯಾವ ಯಾವ ಕೆಲಸಕ್ಕೆ ಎಂಬುದಕ್ಕೆ ಪಟ್ಟಿ ಇತ್ತು. ತೋಟಗಳ ಸಾಲಿನಲ್ಲಿ ಸಿಂಕೋನ, ಕಾಫಿ, ರಬ್ಬರ್, ಚಹಾ ಬಂದವು, ಅದೂ 25 ಜನ ಕೆಲಸ ಮಾಡುವ ತೋಟವಾದರೆ. ಆ ಸಾಲಿನಲ್ಲಿ ಅಡಿಕೆಯ ಹೆಸರಿಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ ಸೇರಿದ ತಮಿಳು ಕುಟುಂಬಗಳ ಕೆಲಸಕ್ಕೆ ಕಾಯ್ದೆಯಲ್ಲಿ ಹೆಸರಿತ್ತು. ಪಕ್ಕದ ತೋಟದಲ್ಲಿ ಮದ್ದು ಬಿಡಲು ಮರ ಹತ್ತಿ ಬಿದ್ದವನಿಗೆ ಧಣಿಗಳು ಕೊಟ್ಟದ್ದೇ ಪರಿಹಾರ.

ರಸ್ತೆಯ ಕಥೆ ಹೀಗಲ್ಲ. ಮೊದಲು ಸಿವಿಲ್ ಕೋರ್ಟಿಗೆ ಹೋಗಿ, ಶುಲ್ಕ ಕಟ್ಟಿ ದಾವೆ ಹೂಡಬೇಕಿತ್ತು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ಅಪಘಾತ ಪರಿಹಾರಕ್ಕೆ ಪ್ರತ್ಯೇಕ ನ್ಯಾಯಮಂಡಳಿಗಳ ವ್ಯವಸ್ಥೆ ಬಂತು. 1982ರಲ್ಲಿ ತಪ್ಪು ಯಾರದೆಂದು ನೋಡದೆ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಎಂದಾಯಿತು. 2022ರ ಏಪ್ರಿಲ್ 1ರಿಂದ ತೀವ್ರ ಗಾಯಕ್ಕೆ ಅದೇ ರೀತಿ 2.5 ಲಕ್ಷ. 1860ರ ಆ ಹಳೆಯ ವ್ಯಾಖ್ಯಾನ ಇಲ್ಲಿ ಹಣದ ಲೆಕ್ಕಕ್ಕೂ ಬಂತು.

2010ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಮಾತು ಹೇಳಿತು. ವೈದ್ಯರು ಬರೆದ ಅಂಗವೈಕಲ್ಯದ ಶೇಕಡಾವಾರನ್ನೇ ಸಂಪಾದನೆಯ ನಷ್ಟ ಎಂದು ತೆಗೆದುಕೊಳ್ಳಬಾರದು. ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ ಎಂದು ನೋಡಬೇಕು. ಪಾದದ ಗಂಟು ಗಟ್ಟಿಯಾದರೆ ಅಂಗಡಿಯಲ್ಲಿ ಕುಳಿತವರು ಹೇಗೋ ಸುಧಾರಿಸಿಕೊಂಡಾರು. ಕೊನೆ ತೆಗೆಯುವವರು ಮತ್ತೆ ಮರ ಹತ್ತಲಾರರು. ಅಂಥವರು ಬೈಕಿನಿಂದ ಬಿದ್ದು ನ್ಯಾಯಮಂಡಳಿಗೆ ಹೋದರೆ, ತಮ್ಮ ಕೆಲಸ ಏನೆಂದು ಸ್ಪಷ್ಟವಾಗಿ ಹೇಳಬೇಕು. ಬರೀ 'ಕೂಲಿ' ಎಂದು ಬರೆಸಿದರೆ ಸಾಲದು.

ಇನ್ನೊಂದು ವಿಷಯ. 'ಪುತ್ತೂರು ಕಟ್ಟು' ಎಂದು ಹೆಸರಾದದ್ದು ಆಂಧ್ರದ ಪುತ್ತೂರಿನದು, ನಮ್ಮದಲ್ಲ. ಆದರೂ ನಮ್ಮಲ್ಲೂ ಎಲುಬು ಕಟ್ಟುವವರ ಹತ್ತಿರ ಹೋಗುವ ರೂಢಿ ಉಂಟು. ನಂಬಿಕೆ ಅವರವರದು. ಆದರೆ ಎಕ್ಸ್‌ರೇ, ಗಾಯದ ಪ್ರಮಾಣಪತ್ರ ಇಲ್ಲದಿದ್ದರೆ ಎಲುಬು ಮುರಿದಿತ್ತೆಂದು ನ್ಯಾಯಮಂಡಳಿಯಲ್ಲಿ ತೋರಿಸುವುದು ಕಷ್ಟ. 2022ರಿಂದ ಕಾನೂನಿನಲ್ಲಿ ಅರ್ಜಿಗೆ 6 ತಿಂಗಳ ಗಡುವೂ ಇದೆ. ಎಲುಬು ಕೂಡಿ, ನಡೆಯಲು ಶುರು ಮಾಡಿದ ಮೇಲೆ ನೋಡೋಣ ಎಂದು ಕೂತರೆ ಆ ಗಡುವು ಮುಗಿದಿರುತ್ತದೆ. ಮೊದಲ ದಿನವೇ ಎಕ್ಸ್‌ರೇ ತೆಗೆಸಿ, ಪೊಲೀಸರಿಗೆ ದೂರು ಕೊಡಿ, ಕಾಗದಗಳನ್ನು ಒಂದು ಚೀಲದಲ್ಲಿ ಜೋಪಾನವಾಗಿಡಿ.