ಹಿಮದ ಟೈರು, ಔರಾದದ ಎರಿ ಮಣ್ಣು

ನಮ್ಮೂರ ಚರಿತ್ರೆ | ಭಾಗ 7

ಟೈರಿನ ಬಾಜೂಕ ‘ಎಂ+ಎಸ್’ ಅಂತ ಬರೆದಿರ್ತದ, ನೋಡೀರೇನು? ಎಂ ಅಂದ್ರೆ ಮಡ್, ಎಸ್ ಅಂದ್ರೆ ಸ್ನೋ. ಕೆಸರಿಗೂ ಹಿಮಕ್ಕೂ ಏನ್ ಸಂಬಂಧ?

ಫಿನ್‌ಲ್ಯಾಂಡಿನಲ್ಲಿ 1934ರಲ್ಲಿ ಲಾರಿಗೆ, 1936ರಲ್ಲಿ ಕಾರಿಗೆ ಹಿಮದ ಟೈರು ಬಂತು. ಅದರ ಆಳದ ಅಡ್ಡ ಗೀರುಗಳು ಹಿಮವನ್ನು ಕಚ್ಚಿ ಹಿಡಿಯುತ್ತಿದ್ದವು.

ಆಗ ಬೀದರ ನಿಜಾಮರ ರಾಜ್ಯದಲ್ಲಿತ್ತು. 1932ರಲ್ಲಿ ನಿಜಾಮರ ಸರ್ಕಾರಿ ಬಸ್ ಸೇವೆ ಶುರುವಾದಾಗ ಇಡೀ ರಾಜ್ಯಕ್ಕೆ ಇದ್ದದ್ದು 27 ಬಸ್ಸು. ಬೀದರ ಶಹರದ್ದು ಕೆಂಪು ಗಟ್ಟಿ ನೆಲ. ಔರಾದ, ಭಾಲ್ಕಿ ಕಡೆ ಎರಿ ಭೂಮಿ. ಮಳೆ ಬಿದ್ರೆ ಎರಿ ಮಣ್ಣು ಗೀರಿನಾಗ ತುಂಬಿ, ಹೊಸ ಟೈರೂ ಬೋಳು ಟೈರಿನಂಗ ಜಾರ್ತದ. ಎಂಜಿನ್‌ಗೆ ಎಷ್ಟ್ ತಾಕತ್ ಇದ್ರೂ ಗಾಲಿ ನಿಂತಲ್ಲೇ ತಿರುಗ್ತದ. ಡಾಂಬರು ಬರೋತನಕ ಮಳೆಗಾಲದಾಗ ಎತ್ತೇ ಗತಿ.

ಹಿಮದಾಗೂ ಲೆಕ್ಕ ಇದೇ. ಮೇಲಾಗಿ, ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗ ಬಿರುಸಾಗ್ತದ. ಅಗಲ ಟೈರಿನ ಜೋರು ಕಾರೇ ಅಲ್ಲಿ ಮೊದಲು ಜಾರ್ತದ.

ಥಂಡಿ ದೇಶದಾಗ ಕಾರು ಓಡಿಸೋ ನಮ್ಮ ಹುಡುಗ್ರೇ, ‘ಎಂ+ಎಸ್’ ಒಂದೇ ನಂಬಬ್ಯಾಡ್ರಿ. ಮೂರು ಶಿಖರದ ಗುಡ್ಡದೊಳಗ ಹಿಮದ ಹೂವಿನ ಗುರುತು ನೋಡ್ರಿ. ಹಿಮದ ಮೇಲೆ ಪರೀಕ್ಷೆ ಆದ ಟೈರಿಗಷ್ಟೇ ಅದು ಸಿಗ್ತದ. ತಾಕತ್ ಎಂಜಿನ್‌ದು, ಜೀವ ಮಾತ್ರ ಟೈರಿನ ಮ್ಯಾಲೆ.

ಎರಿಯೊಳಗ ಗಾಡಿ ಸಿಕ್ಕ ಕಥೆ ನಿಮ್ಮ ಮನ್ಯಾಗೂ ಇದ್ರ ಕೆಳಗ ಬರೀರಿ.

#ಔರಾದ #ಬೀದರ #ಎರಿಮಣ್ಣು