ಕನ್ನಡನಾಡಿನ ಆಡಳಿತ ವಿಭಾಗಗಳೂ ಅವುಗಳ ಹೆಸರುಗಳೂ

ಪ್ರಾಚೀನ ಕರ್ನಾಟಕದಲ್ಲಿ ದೇವಾಲಯಕ್ಕಾಗಲಿ ಮಠಕ್ಕಾಗಲಿ ಭೂಮಿಯನ್ನು ಬಿಟ್ಟ ದಾನಿಯು ತನ್ನ ಧರ್ಮವನ್ನು ಕಲ್ಲಿನ ಮೇಲೆ ಬರೆಯಿಸುವಾಗ ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಹೇಳಿಸುತ್ತಿದ್ದನು: ಆಗ ರಾಜ್ಯವಾಳುತ್ತಿದ್ದ ಅರಸನು ಯಾರು, ದತ್ತಿಯ ಊರು ಯಾವ ನಾಡಿಗೆ ಸೇರಿದ್ದು, ಬಿಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳಾವುವು. ಶಿವಾಲಯಕ್ಕೆ ಬಿಟ್ಟ ಭೂಮಿಯಾದರೆ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲನ್ನು ನೆಡುವ ವಾಡಿಕೆಯೂ ಇದ್ದಿತು. ಅರಸರ ವಂಶಗಳು ಅಳಿದುಹೋದುವು. ಎಲ್ಲೆಯ ಮರಗಳು ಬಿದ್ದುಹೋದುವು. ಆದರೆ ಶಾಸನದಲ್ಲಿ ಕೊರೆದ ನಾಡಿನ ಹೆಸರು ಮಾತ್ರ ಆ ಊರು ಎಲ್ಲಿಯದೆಂಬುದನ್ನು ಇಂದಿಗೂ ತಿಳಿಸಿಕೊಡುತ್ತಿದೆ. ಆದುದರಿಂದ ನಾಡುಗಳು ಹೇಗೆ ಏರ್ಪಟ್ಟುವು, ಅವುಗಳಿಗೆ ಹೆಸರುಗಳು ಹೇಗೆ ಬಂದುವು ಎಂಬ ವಿಚಾರವು ಕಂದಾಯದ ಲೆಕ್ಕಪತ್ರಕ್ಕೆ ಮಾತ್ರ ಸೇರಿದುದಲ್ಲ. ಅದು ನಾಡಿನ ನೆನಪಿಗೆ ಸೇರಿದ ವಿಚಾರ.

ಇದಕ್ಕೆ ಶರಣರ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸೇವುಣ ಅರಸನಾದ ಕನ್ನರನ ಕಾಲದ, ಕ್ರಿ. ಶ. ೧೨೬೦ರ ಶಾಸನವೊಂದಿದೆ. ಬಸವೇಶ್ವರರನ್ನು ಹೆಸರಿಸುವಾಗ ಈ ಶಾಸನವು ಅವರನ್ನು ಮಾದಿರಾಜನ ಮಗನೆಂದು ಹೇಳಿ, ಅವರ ಊರಾದ ಬಾಗವಾಡಿಯು ತರ್ದವಾಡಿ ನಾಡಿನ ನಡುವಣ ಗ್ರಾಮವೆಂದು ತಿಳಿಸುತ್ತದೆ. ಬಸವಣ್ಣನವರ ಚರಿತ್ರೆಯನ್ನು ಬರೆಯುವವರಿಗೆ ಈ ಒಂದು ಮಾತು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಹೇಳಬೇಕಾಗಿಲ್ಲ. ಬಾಗೇವಾಡಿ ಎಂಬ ಹೆಸರಿನ ಊರುಗಳು ಕನ್ನಡನಾಡಿನಲ್ಲಿ ಒಂದಕ್ಕಿಂತ ಹೆಚ್ಚಾಗಿವೆ. ಅವುಗಳಲ್ಲಿ ಯಾವುದು ಬಸವೇಶ್ವರರ ಊರು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅರಸನ ಹೆಸರಲ್ಲ, ನಾಡಿನ ಹೆಸರು. ತರ್ದವಾಡಿ ಸಾಸಿರವೆಂಬುದು ಈಗಿನ ವಿಜಯಪುರದ ಪ್ರಾಂತವನ್ನೊಳಗೊಂಡಿದ್ದ ವಿಭಾಗ. ಕಲಚುರ್ಯ ಬಿಜ್ಜಳನು ಕಲ್ಯಾಣದ ಸಿಂಹಾಸನವನ್ನೇರುವುದಕ್ಕೆ ಮುಂಚೆ ಚಾಲುಕ್ಯರ ಮಹಾಮಂಡಲೇಶ್ವರನಾಗಿ ಆಳುತ್ತಿದ್ದ ನಾಡುಗಳಲ್ಲಿ ಇದೂ ಒಂದು.

ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟರ ಕಾಲಗಳಲ್ಲಿ ಬೆಳೆದುಬಂದ ಈ ವಿಭಾಗಗಳ ಹೆಸರುಗಳನ್ನು ಪರಿಶೀಲಿಸಿದರೆ ಅವು ಹುಟ್ಟಿದ ಬಗೆಯು ತಿಳಿಯುವುದು. ಕೆಲವು ಹೆಸರುಗಳು ಮಣ್ಣಿನಿಂದಲೂ ನೀರಿನಿಂದಲೂ ಬಂದುವು. ಗದಗು, ಅಣ್ಣಿಗೇರಿ, ಲಕ್ಕುಂಡಿಗಳ ಸುತ್ತಣ ಎರೆನೆಲವು ಬೆಳೆಯ ಹೊಲಗಳಿಂದ ಬೆಳ್ವೊಲವೆನಿಸಿತು. ಈಗಿನ ಲಕ್ಷ್ಮೇಶ್ವರವು ಹುಲಿಯ ಕೆರೆಯೆಂದು ಪುಲಿಗೆರೆಯಾಯಿತು. ಪಟ್ಟದಕಲ್ಲಿನ ಸುತ್ತಣ ಕೆಂಪು ನೆಲದ ಕಾಡು ಕಿಸುಕಾಡಾಯಿತು. ಕೆಲವು ಹೆಸರುಗಳು ಆಳಿದ ಕುಲದಿಂದ ಬಂದುವು. ಗಂಗರಿಂದ ಗಂಗವಾಡಿ, ನೊಳಂಬರಿಂದ ನೊಳಂಬವಾಡಿ. ಮತ್ತೆ ಕೆಲವು ಪ್ರಧಾನ ಪಟ್ಟಣದಿಂದ ಬಂದುವು. ಬನವಾಸಿ ನಾಡು, ಪಾನುಂಗಲ್ಲೆಂಬ ಹಾನಗಲ್ಲಿನ ನಾಡು ಈ ಬಗೆಯವು. ಹೀಗೆ ನೋಡಿದರೆ, ಅರಸನ ಆಸ್ಥಾನದಲ್ಲಿ ಕುಳಿತು ಕಲ್ಪಿಸಿದ ಹೆಸರುಗಳು ಅತಿ ವಿರಳ. ಜನರು ಬಾಯಲ್ಲಿ ಆಡುತ್ತಿದ್ದುದನ್ನೇ ಅರಸರು ಲೆಕ್ಕಕ್ಕೆ ತೆಗೆದುಕೊಂಡರು.

ಈ ಹೆಸರುಗಳ ಮುಂದೆ ಒಂದೊಂದು ಸಂಖ್ಯೆಯನ್ನು ಸೇರಿಸಿ ಹೇಳುವುದು ಶಾಸನಗಳ ಪದ್ಧತಿ. ಬನವಾಸಿ ಪನ್ನಿರ್ಛಾಸಿರ ಅಂದರೆ ೧೨,೦೦೦, ಗಂಗವಾಡಿ ೯೬,೦೦೦, ನೊಳಂಬವಾಡಿ ೩೨,೦೦೦, ಕೂಂಡಿ ೩,೦೦೦, ಸಾಂತಳಿಗೆ ೧,೦೦೦, ಪಾನುಂಗಲ್ಲು ೫೦೦, ಬೆಳ್ವೊಲ ೩೦೦, ಪುಲಿಗೆರೆ ೩೦೦, ಕಿಸುಕಾಡು ೭೦. ಈ ಸಂಖ್ಯೆಗಳ ಅರ್ಥವೇನೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅವು ಗ್ರಾಮಗಳ ಎಣಿಕೆಯೆಂಬುದು ಒಂದು ಪಕ್ಷ. ನಾಡಿನಿಂದ ಬರುವ ಹುಟ್ಟುವಳಿಯ ಮೊತ್ತವೆಂಬುದು ಇನ್ನೊಂದು. ನಾಡು ಒದಗಿಸಬೇಕಾದ ಕಾಲಾಳುಗಳ ಸಂಖ್ಯೆಯೆಂಬುದು ಮತ್ತೊಂದು. ಎಪ್ಪತ್ತು, ಮುನ್ನೂರು ಎಂಬ ಚಿಕ್ಕ ಸಂಖ್ಯೆಗಳು ಗ್ರಾಮಗಳ ಲೆಕ್ಕವೆಂದರೆ ಒಪ್ಪಬಹುದು. ಆದರೆ ೨೦೧೧ರ ಜನಗಣತಿಯ ಪ್ರಕಾರ ಇಡಿಯ ಕರ್ನಾಟಕ ರಾಜ್ಯದ ಗ್ರಾಮಗಳೇ ೩೦,೦೦೦ವನ್ನು ಮುಟ್ಟುವುದಿಲ್ಲ. ಹಾಗಿರುವಲ್ಲಿ ಅದರ ಒಂದು ಭಾಗವನ್ನಷ್ಟೇ ಮುಖ್ಯವಾಗಿ ಒಳಗೊಂಡಿದ್ದ ಗಂಗವಾಡಿಯಲ್ಲಿ ೯೬,೦೦೦ ಗ್ರಾಮಗಳಿದ್ದುವೆಂದು ಹೇಳುವುದು ಹೇಗೆ ಸಾಧ್ಯ? ದೊಡ್ಡ ಸಂಖ್ಯೆಗಳು ಒಂದು ಕಾಲದಲ್ಲಿ ಯಾವುದೋ ಲೆಕ್ಕದಿಂದ ಹುಟ್ಟಿ, ಕ್ರಮೇಣ ಹೆಸರಿನ ಅಂಗವೇ ಆಗಿ ನಿಂತುವೆಂದು ತಿಳಿಯುವುದು ಯುಕ್ತವಾಗಿದೆ.

ದೊಡ್ಡ ನಾಡಿನೊಳಗೆ ಚಿಕ್ಕ ನಾಡುಗಳೂ ಕಂಪಣಗಳೂ ಇದ್ದುವು. ಬನವಾಸಿಯೊಳಗೆ ನಾಗರಖಂಡ ೭೦, ಜಿಡ್ಡುಳಿಗೆ ೭೦ ಎಂಬ ವಿಭಾಗಗಳಿದ್ದುವು. ಊರಿಗೆ ಊರಗಾವುಂಡ, ನಾಡಿಗೆ ನಾಡಗಾವುಂಡ, ಅವರ ಮೇಲೆ ಪೆರ್ಗಡೆ, ಮನ್ನೆಯ, ಮಹಾಮಂಡಲೇಶ್ವರರು. ದತ್ತಿಗಳನ್ನು ಬಿಡುವಾಗ ನಾಡಿನ ಪ್ರಭುಗಾವುಂಡರೂ ಸಮಸ್ತ ಪ್ರಜೆಗಳೂ ಕೂಡಿ ಒಪ್ಪಿದ ಸಂಗತಿಯು ಶಾಸನಗಳಲ್ಲಿ ಹಲವು ಕಡೆ ಬರುವುದು. ನಾಡೆಂಬುದು ನಕ್ಷೆಯ ಮೇಲಣ ಗೆರೆಯಲ್ಲ, ಕೂಡಿ ಸಾಕ್ಷಿ ಹೇಳುವ ಜನರ ಸಮೂಹವೆಂಬುದು ಇದರಿಂದ ವಿದಿತವಾಗುವುದು. ಆ ಪದವಿಗಳು ಹೋಗಿ ಎಷ್ಟೋ ಕಾಲವಾಯಿತು. ಆದರೂ ಗಾವುಂಡನು ಗೌಡನಾಗಿ, ಪೆರ್ಗಡೆಯು ಹೆಗ್ಗಡೆಯಾಗಿ, ನಾಡಗಾವುಂಡನು ನಾಡಗೌಡನಾಗಿ ಇಂದಿಗೂ ಮನೆತನದ ಹೆಸರುಗಳಲ್ಲಿ ಉಳಿದಿದ್ದಾರೆ.

ವಿಜಯನಗರದ ಅರಸರು ತಮ್ಮ ವಿಶಾಲವಾದ ರಾಜ್ಯವನ್ನು ಆರಗ, ಬಾರಕೂರು, ಮಂಗಳೂರು, ಚಂದ್ರಗುತ್ತಿ, ಮುಳುವಾಯಿ ಮೊದಲಾದ ರಾಜ್ಯಗಳೆಂಬ ಪ್ರಾಂತಗಳಾಗಿ ವಿಭಾಗಿಸಿದರು. ಅವುಗಳೊಳಗೆ ಸೀಮೆ, ನಾಡು, ಸ್ಥಳಗಳಿದ್ದುವು. ಬಿಜಾಪುರದ ಆದಿಲಶಾಹಿಯ ಆಳ್ವಿಕೆಯಲ್ಲಿ ಸರಕಾರು, ಪರಗಣೆ ಎಂಬ ಮಾತುಗಳು ಬಂದುವು. ಅವುಗಳೊಡನೆ ದೇಸಾಯಿ, ದೇಶಪಾಂಡೆ ಎಂಬ ವಂಶಪಾರಂಪರ್ಯದ ಅಧಿಕಾರಗಳೂ ಬೇರೂರಿದುವು. ಇಂದು ಕನ್ನಡಿಗರು ತಮ್ಮವೇ ಎಂದು ಆಡುವ ಜಿಲ್ಲೆ, ತಾಲ್ಲೂಕು ಎಂಬ ಮಾತುಗಳು ಅರಬೀ ಮೂಲದವು. ನಾಡು, ಸೀಮೆ, ಹೋಬಳಿಗಳು ಅವುಗಳ ಪಕ್ಕದಲ್ಲಿಯೇ ಬದುಕಿಕೊಂಡು ಬಂದುವು.

ಮಲೆನಾಡಿನಲ್ಲಿ ಆಳಿದ ವೀರಶೈವ ಮನೆತನವಾದ ಕೆಳದಿಯ ನಾಯಕರ ಕಾಲವು ಈ ಚರಿತ್ರೆಯಲ್ಲಿ ಮುಖ್ಯವಾದುದು. ೧೬೪೫ರಿಂದ ೧೬೬೦ರ ವರೆಗೆ ಆಳಿದ ಶಿವಪ್ಪನಾಯಕನು ಭೂಮಿಯನ್ನು ಅದರ ಸಾರಕ್ಕೆ ತಕ್ಕಂತೆ ತರಗತಿಗಳಾಗಿ ಮಾಡಿ ಕಂದಾಯವನ್ನು ಗೊತ್ತುಪಡಿಸಿದನು. ಅದೇ ಶಿವಪ್ಪನಾಯಕನ ಶಿಸ್ತೆಂದು ಪ್ರಸಿದ್ಧವಾಯಿತು. ನಾಯಕರ ರಾಜಧಾನಿಯು ಕೆಳದಿಯಿಂದ ಇಕ್ಕೇರಿಗೂ, ಅಲ್ಲಿಂದ ಬಿದನೂರಿಗೂ ಬಂದಿದ್ದಿತು. ಈ ಬಿದನೂರಿನ ಹೆಸರಿನ ಕಥೆಯಲ್ಲಿ ಕನ್ನಡನಾಡಿನ ವಿಭಾಗಗಳ ಕಥೆಯೆಲ್ಲ ಅಡಗಿದೆ. ಬಿದಿರಿನಿಂದ ಹೆಸರು ಪಡೆದ ಊರು ಅರಸರ ಪಟ್ಟಣವಾಯಿತು. ೧೭೬೩ರಲ್ಲಿ ಹೈದರಾಲಿಯು ಅದನ್ನು ಗೆದ್ದು ತನ್ನ ಹೆಸರಿನಿಂದ ಹೈದರನಗರವೆಂದು ಕರೆದನು. ಜನರು ಗೆದ್ದವನ ಹೆಸರನ್ನು ಬಿಟ್ಟು, ನಗರವೆಂಬುದನ್ನು ಮಾತ್ರ ಇಟ್ಟುಕೊಂಡರು. ಮುಂದೆ ಇಂಗ್ಲಿಷರು ಮೈಸೂರು ಸೀಮೆಯ ಕಾಲುಭಾಗದಂತಿದ್ದ ಒಂದು ಡಿವಿಜನ್ನಿಗೆ ಆ ಹೆಸರನ್ನೇ ಇಟ್ಟು ನಗರ ಡಿವಿಜನ್ ಎಂದರು. ಡಿವಿಜನ್ ಹೋಯಿತು, ಆ ನಗರವು ಈಗ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಒಂದು ಹೋಬಳಿಯ ಊರು. ರಾಜಧಾನಿಯೊಂದು ಹೋಬಳಿಯಾಯಿತು, ಆದರೆ ಹೆಸರು ಅಳಿಯಲಿಲ್ಲ.

ಟಿಪ್ಪುಸುಲ್ತಾನನು ತನ್ನ ರಾಜ್ಯದ ವಿಭಾಗಗಳನ್ನು ಹೊಸದಾಗಿ ಏರ್ಪಡಿಸಿದುದಲ್ಲದೆ ಅನೇಕ ಊರುಗಳಿಗೆ ಹೊಸ ಹೆಸರುಗಳನ್ನಿಟ್ಟನು. ದೇವನಹಳ್ಳಿಯು ಯೂಸುಫಾಬಾದಾಯಿತು, ಚಿತ್ರದುರ್ಗವು ಫರ್ರುಖ್‌ಯಾಬ್ ಹಿಸ್ಸಾರಾಯಿತು. ೧೭೯೯ರಲ್ಲಿ ಅವನ ಆಳ್ವಿಕೆಯು ಕೊನೆಗಂಡೊಡನೆ ಜನರು ಹಳೆಯ ಹೆಸರುಗಳಿಗೇ ಮರಳಿದರು. ಆದರೂ ಮೈಸೂರಿನ ನಜರಬಾದು ಎಂಬ ಬಡಾವಣೆಯಲ್ಲಿಯೂ, ಬೆಳ್ತಂಗಡಿಯ ಬಳಿಯ ಜಮಾಲಾಬಾದ್ ಕೋಟೆಯಲ್ಲಿಯೂ ಅವನ ಕಾಲದ ಹೆಸರುಗಳು ನಿಂತಿವೆ. ಇಂಗ್ಲಿಷರ ಹೆಸರುಗಳಿಗೂ ಇದೇ ಗತಿಯಾಯಿತು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯೆನಿಸಿದ ಊರು ಆಮೇಲೆ ರಾಮನಗರವಾಯಿತು.

ಇಂಗ್ಲಿಷರ ಆಡಳಿತದೊಡನೆ ಹೆಸರಿಡುವ ಕ್ರಮದಲ್ಲಿಯೇ ದೊಡ್ಡದೊಂದು ವ್ಯತ್ಯಾಸವುಂಟಾಯಿತು. ೧೮೩೧ರಲ್ಲಿ ಮೈಸೂರಿನ ಆಡಳಿತವು ಕಮಿಷನರ ಕೈಗೆ ಬಂದಮೇಲೆ ಹಳೆಯ ಫೌಜುದಾರಿಗಳು ಹೋಗಿ ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ, ನಗರ ಎಂಬ ನಾಲ್ಕು ಡಿವಿಜನ್‌ಗಳಾದುವು. ೧೮೬೨-೬೩ರಲ್ಲಿ ಬೌರಿಂಗನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ಡಿವಿಜನ್‌ಗಳನ್ನೂ ಅವುಗಳೊಳಗೆ ಎಂಟು ಜಿಲ್ಲೆಗಳನ್ನೂ ಏರ್ಪಡಿಸಿದನು: ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಶಿವಮೊಗ್ಗ, ಕಡೂರು, ಚಿತ್ರದುರ್ಗ. ಇಲ್ಲಿ ನಂದಿದುರ್ಗ, ಅಷ್ಟಗ್ರಾಮ ಎಂಬ ಡಿವಿಜನ್‌ಗಳ ಹೆಸರು ಬೆಟ್ಟದಿಂದಲೋ ಗ್ರಾಮಗಳ ಗುಂಪಿನಿಂದಲೋ ಬಂದುದು; ಜಿಲ್ಲೆಯ ಹೆಸರಾದರೋ ಕಚೇರಿಯಿದ್ದ ಪಟ್ಟಣದಿಂದ ಬಂದುದು. ಕಚೇರಿಯು ಸರಿದರೆ ಜಿಲ್ಲೆಯ ಹೆಸರೂ ಸರಿಯಬೇಕಾಯಿತು. ಕಡೂರಿನ ಜಿಲ್ಲಾ ಕಚೇರಿಯು ೧೮೬೫ರಲ್ಲಿಯೇ ಚಿಕ್ಕಮಗಳೂರಿಗೆ ಹೋಯಿತು; ಜಿಲ್ಲೆಯ ಹೆಸರು ಮಾತ್ರ ೧೯೪೭ರ ವರೆಗೆ ಕಡೂರಾಗಿಯೇ ಇದ್ದು ಆಮೇಲೆ ಚಿಕ್ಕಮಗಳೂರಾಯಿತು. ಮುಂಬಯಿ ಪ್ರಾಂತದಲ್ಲಿ ಬೆಳಗಾವಿಯು ೧೮೩೬ರಲ್ಲಿ ಧಾರವಾಡದಿಂದ ಬೇರೆಯಾಯಿತು. ೧೮೬೪ರಲ್ಲಿ ಏರ್ಪಟ್ಟ ಕಲಾದಗಿ ಜಿಲ್ಲೆಯ ಕಚೇರಿಯು ೧೮೮೫ರಲ್ಲಿ ಬಿಜಾಪುರಕ್ಕೆ ಹೋಗಲಾಗಿ ಜಿಲ್ಲೆಯೂ ಬಿಜಾಪುರವಾಯಿತು. ನಿಜಾಮರ ರಾಜ್ಯದಲ್ಲಿ ೧೮೬೫ರಲ್ಲಿ ಸಾಲಾರಜಂಗನು ಜಿಲ್ಲಾಬಂದಿಯನ್ನು ತಂದನು.

ಈ ಏರ್ಪಾಟುಗಳಿಂದ ಕಂದಾಯವೂ ನ್ಯಾಯವೂ ಕ್ರಮಕ್ಕೆ ಬಂದುದು ನಿಜ. ಆದರೆ ಕನ್ನಡವಾಡುವ ಜನರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಲ್ಲಿಯೂ ಜಮಖಂಡಿ, ಮುಧೋಳ, ಸವಣೂರು, ಸೊಂಡೂರು ಮುಂತಾದ ಚಿಕ್ಕ ಸಂಸ್ಥಾನಗಳಲ್ಲಿಯೂ ಹಂಚಿಹೋದರು. ಬೆಳ್ವೊಲವೆಂಬ ಹೆಸರು ಯಾವ ಸರಕಾರದ ದಫ್ತರದಲ್ಲಿಯೂ ಉಳಿಯಲಿಲ್ಲ. ಬನವಾಸಿ ಪನ್ನಿರ್ಛಾಸಿರವಾಗಿದ್ದ ನೆಲದ ಒಂದು ಪಾಲು ಮೈಸೂರಿಗೂ ಇನ್ನೊಂದು ಪಾಲು ಮುಂಬಯಿಗೂ ಸೇರಿತು. ಒಂದೇ ಮಠದ ಶಿಷ್ಯರು, ಒಂದೇ ಬೀಗತನದ ಮನೆಗಳವರು ಬೇರೆಬೇರೆ ಸರಕಾರಗಳ ಪ್ರಜೆಗಳಾದರು; ಒಂದು ಮನೆಯ ಮಕ್ಕಳು ಕನ್ನಡ ಶಾಲೆಗೆ ಹೋದರೆ ಮತ್ತೊಂದು ಮನೆಯ ಮಕ್ಕಳು ಉರ್ದುವಿನಲ್ಲಿಯೋ ಮರಾಠಿಯಲ್ಲಿಯೋ ಓದಬೇಕಾಯಿತು. ಎಲ್ಲೆಯ ಗೆರೆಯು ಎಂತಹ ನೋವನ್ನುಂಟುಮಾಡಬಲ್ಲುದೆಂಬುದನ್ನು ಆ ತಲೆಮಾರುಗಳು ಅನುಭವಿಸಿ ಅರಿತುವು.

ಬಳ್ಳಾರಿಯ ಕನ್ನಡ ಭಾಗವು ೧೯೫೩ರಲ್ಲಿ ಮೈಸೂರಿಗೆ ಸೇರಿತು. ೧೯೫೬ನೆಯ ನವೆಂಬರ್ ೧ರಂದು ಉಳಿದ ಭಾಗಗಳು ಕೂಡಿ ೧೯ ಜಿಲ್ಲೆಗಳ ವಿಶಾಲ ಮೈಸೂರು ರಾಜ್ಯವಾಯಿತು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳಂತಹ ಸ್ಥಳಗಳಲ್ಲಿಯ ಕನ್ನಡಿಗರು ಹೊರಗುಳಿದರು. ೧೯೭೩ನೆಯ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ, ೧೯೯೭ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ, ೨೦೦೭ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ, ಅನಂತರ ಯಾದಗಿರಿ, ೨೦೨೧ರಲ್ಲಿ ವಿಜಯನಗರ, ಹೀಗೆ ಜಿಲ್ಲೆಗಳು ಹೆಚ್ಚಿ ೩೧ ಆದುವು. ಕವಿರಾಜಮಾರ್ಗವು ಕನ್ನಡದ ತಿರುಳಿನ ಸೀಮೆಯನ್ನು ಹೇಳುವಾಗ ಹೆಸರಿಸಿದ ಕೊಪಣವೇ ಕೊಪ್ಪಳ. ಸಾವಿರ ವರ್ಷಗಳಿಗೂ ಹಳೆಯ ಆ ಊರು ೧೯೯೭ರಲ್ಲಿ ಜಿಲ್ಲೆಯ ಮುಖ್ಯಸ್ಥಳವಾಯಿತು.

ಹಳೆಯ ಮಾತುಗಳು ಮರಳಿ ಬಂದ ಬಗೆಯೂ ವಿಚಿತ್ರವಾಗಿದೆ. ಒಂದು ಕಾಲದಲ್ಲಿ ಮಹಾಮಂಡಲೇಶ್ವರನ ಪ್ರಾಂತಕ್ಕೆ ಸಲ್ಲುತ್ತಿದ್ದ ಮಂಡಲವೆಂಬ ಮಾತು ೧೯೮೩ರ ಪಂಚಾಯತ ಶಾಸನದಲ್ಲಿ ಕೆಲವೇ ಹಳ್ಳಿಗಳ ಗುಂಪಿಗೆ ಹೆಸರಾಗಿ ಬಂದು, ೧೯೯೩ರ ಶಾಸನದಲ್ಲಿ ಗ್ರಾಮ ಪಂಚಾಯತಕ್ಕೆ ಎಡೆಗೊಟ್ಟಿತು. ೨೦೧೪ನೆಯ ನವೆಂಬರ್ ೧ರಿಂದ ಬೆಳಗಾವಿ, ಕಲಬುರಗಿ, ವಿಜಯಪುರ, ಬಳ್ಳಾರಿ, ಶಿವಮೊಗ್ಗ ಮೊದಲಾದ ೧೨ ನಗರಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡದ ರೂಪವನ್ನು ಪಡೆದುವು. ಪಟ್ಟಣದ ಹೆಸರನ್ನಲ್ಲದೆ ನಾಡಿನ ಹೆಸರನ್ನೇ ಹೊತ್ತಿರುವ ಜಿಲ್ಲೆಗಳೂ ಕೆಲವಿವೆ. ಮಡಿಕೇರಿಯಲ್ಲಿ ಕಚೇರಿಯಿದ್ದರೂ ಜಿಲ್ಲೆಯು ಕೊಡಗು, ಕಾರವಾರದಲ್ಲಿದ್ದರೂ ಉತ್ತರ ಕನ್ನಡ, ಹೊಸಪೇಟೆಯಲ್ಲಿದ್ದರೂ ವಿಜಯನಗರ. ಲಿಂಗಾಯತ ಮತದ ಹಾಲೇರಿ ಅರಸರು ಆಳಿದ ಕೊಡಗಿನಲ್ಲಿ ಜನರು ತಮ್ಮ ನೆಲವನ್ನು ೧೨ ಕೊಂಬು, ೩೫ ನಾಡುಗಳೆಂದು ಎಣಿಸುವ ಪದ್ಧತಿಯು ಬಹಳ ಹಿಂದಿನದು.

ಇಷ್ಟರಿಂದ ಸಿದ್ಧವಾಗುವ ಸಂಗತಿಯೊಂದಿದೆ. ಎಲ್ಲೆಯನ್ನು ಗೊತ್ತುಮಾಡುವುದು ಆಳುವವರ ಕೈಯಲ್ಲಿದೆ. ಹೆಸರನ್ನು ಉಳಿಸುವುದು ಬಾಳುವವರ ಕೈಯಲ್ಲಿದೆ. ಬನವಾಸಿಯು ಪನ್ನಿರ್ಛಾಸಿರದ ಪಟ್ಟಣವಾಗಿದ್ದುದು ಈಗ ಶಿರಸಿ ತಾಲ್ಲೂಕಿನ ಒಂದು ಊರು. ಬಳ್ಳಿಗಾವೆಯು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಪದವಿಯು ಹೋದರೂ ಹೆಸರು ನಿಂತುದರಿಂದಲೇ ಅವುಗಳ ಚರಿತ್ರೆಯು ಕೈಗೆ ಸಿಕ್ಕಿತು. ಅರ್ಜುನವಾಡದ ಕಲ್ಲಿನಲ್ಲಿ ತರ್ದವಾಡಿ ಎಂಬ ಹೆಸರನ್ನು ಕೊರೆದವನಿಗೆ ತಾನು ಮುಂದಿನವರಿಗೆ ಎಂತಹ ಉಪಕಾರವನ್ನು ಮಾಡುತ್ತಿರುವೆನೆಂಬುದು ತಿಳಿದಿರಲಾರದು. ಊರಿನ ಅಗಸೆಯ ಬಳಿ ಬಿದ್ದಿರುವ ಬರೆಹದ ಕಲ್ಲು, ಹೊಲದ ಬದುವಿನಲ್ಲಿರುವ ಲಿಂಗಮುದ್ರೆಯ ಕಲ್ಲು, ಮಠದ ಪೆಟ್ಟಿಗೆಯಲ್ಲಿರುವ ಹಳೆಯ ಕಡತ, ಮುದುಕರ ಬಾಯಲ್ಲಿರುವ ಸೀಮೆಯ ಹೆಸರು ಇವೆಲ್ಲವೂ ಅಂತಹ ಸಾಕ್ಷಿಗಳೇ. ಒಗೆಯುವ ಬಂಡೆಯಾಗಿಯೋ ಮೆಟ್ಟಿಲಾಗಿಯೋ ಸವೆದುಹೋಗದಂತೆ ಅವುಗಳನ್ನು ಕಾಪಾಡಿಕೊಂಡು ಬರುವುದು ಆ ಆ ಊರಿನ ಭಕ್ತಜನರಿಂದ ಆಗಬೇಕಾದ ಕೆಲಸ. ಏಕೆಂದರೆ ಆ ಕಲ್ಲುಗಳು ಹೋದ ದಿನ ಊರಿದ್ದರೂ ಅದು ಯಾವ ನಾಡಿನದೆಂದು ಹೇಳುವವರಿರುವುದಿಲ್ಲ.